ಐಪೀಸಿನೊಳಗೆ ಎರಡು ಚೌಕ: ಕಡಿಮೆ ರೆಟಿಕ್ ಎಣಿಸಿದ ನನ್ನ ಅನುಭವ

‘ಕಣ್ಣಲ್ಲಿ ಎಣಿಸೋ ರೆಟಿಕ್ ಕೌಂಟು ಗಿಣಿಶಾಸ್ತ್ರ ಇದ್ದ ಹಾಗೆ ಕಣ್ರೀ’ ಎಂದು ನಮ್ಮಲ್ಲಿಗೆ ವಾರಕ್ಕೆರಡು ದಿನ ಬರುವ ಡಾಕ್ಟರು ಒಮ್ಮೆ ನಕ್ಕಿದ್ದರು. ರೆಟಿಕ್ ಅಂದರೆ ರೆಟಿಕ್ಯುಲೋಸೈಟ್, ಮೂಳೆ ಮಜ್ಜೆಯಲ್ಲಿ ಹುಟ್ಟಿ ಈಗಷ್ಟೇ ರಕ್ತಕ್ಕೆ ಬಂದ ಎಳೇ ಕೆಂಪು ಕಣ. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಳಗೆ ನೀಲಿ ಜಾಲರಿ ಕಾಣುತ್ತದೆ. ನೂರು ಕೆಂಪು ಕಣಕ್ಕೆ ಇಂಥವು ಎಷ್ಟು ಅನ್ನುವುದೇ ಕೌಂಟು. ಡಾಕ್ಟರ ಮಾತಿಗೆ ಸಿಟ್ಟು ಬಂತು. ಆದರೆ ತಿರುಗಿ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಆ ದಿನಗಳಲ್ಲಿ ಒಂದೇ ಸ್ಲೈಡು ಬೆಳಿಗ್ಗೆ 0.3 ಕೊಡುತ್ತಿತ್ತು, ಊಟ ಮಾಡಿ ಬಂದು ನೋಡಿದರೆ 0.9.

ರೆಟಿಕ್ ಜಾಸ್ತಿ ಇದ್ದಾಗ ಯಾರು ಬೇಕಾದರೂ ಎಣಿಸಬಹುದು. 12 ಪರ್ಸೆಂಟ್ ಇರುವ ಕಡೆ 11 ಬರೆದರೂ 13 ಬರೆದರೂ ಯಾರ ಗಂಟೂ ಹೋಗುವುದಿಲ್ಲ. ಪೇಚಾಟ ಇರುವುದು ಕಡಿಮೆ ಇದ್ದಾಗ. ಸಾವಿರ ಕಣ ಎಣಿಸಿ ಎರಡು ಸಿಕ್ಕಿದರೆ 0.2 ಅಂತ ಬರೆಯುತ್ತೇವೆ, ಅಲ್ವಾ? ಸ್ಲೈಡಿಡುವ ಸ್ಟೇಜನ್ನು ಎರಡು ಫೀಲ್ಡ್ (ಒಂದು ಸಲಕ್ಕೆ ಕಾಣುವ ವೃತ್ತ) ಆಚೆ ಸರಿಸಿದ್ದರೆ ಐದು ಸಿಗುತ್ತಿತ್ತೋ ಏನೋ, ಒಂದೂ ಸಿಗದೆಯೂ ಇರಬಹುದಿತ್ತು.

ನಮ್ಮದು ಮೈಸೂರು ಜಿಲ್ಲೆಯ ಕಾಡಂಚಿನ ಪುಟ್ಟ ಲ್ಯಾಬು. ರಕ್ತಕಣ ಎಣಿಸುವ ತ್ರೀ ಪಾರ್ಟ್ ಮೆಷಿನ್ನು ಒಂದಿದೆ, ಅದಕ್ಕೆ ರೆಟಿಕ್ ಗೊತ್ತಿಲ್ಲ. ರೆಟಿಕ್ ಹೇಳುವ ಮೆಷಿನ್ನಿಗೆ ಆಗ ಏಳೆಂಟು ಲಕ್ಷ ಹೇಳಿದ್ದರು. ಹೆಗ್ಗಡದೇವನಕೋಟೆ ಕಡೆಯ ಆದಿವಾಸಿ ಹಾಡಿಗಳಿಂದ ಸಿಕಲ್ ಸೆಲ್ (ಕೆಂಪು ಕಣ ಕುಡುಗೋಲಿನ ಹಾಗೆ ಬಾಗುವ ಹುಟ್ಟುಕಾಯಿಲೆ) ಇರುವ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಈ ಮಕ್ಕಳ ಕೆಂಪು ಕಣ ಬದುಕುವುದೇ 10ರಿಂದ 20 ದಿನ. ನಮ್ಮ ನಿಮ್ಮದಾದರೆ 120. ಮಜ್ಜೆ ಒಂದು ವಾರ ಕೆಲಸ ನಿಲ್ಲಿಸಿದರೆ ನಮಗೆ ಗೊತ್ತೂ ಆಗುವುದಿಲ್ಲ, ಅವರ ಹಿಮೋಗ್ಲೋಬಿನ್ ಮಾತ್ರ ಕಣ್ಣೆದುರೇ ಇಳಿಯುತ್ತದೆ. ನಿಲ್ಲಿಸುವುದು ಸಾಮಾನ್ಯವಾಗಿ ಪಾರ್ವೊವೈರಸ್ ಬಿ19. 1975ರಲ್ಲಿ ಲಂಡನ್ನಿನಲ್ಲಿ ಹೆಪಟೈಟಿಸ್ ಬಿ ಪರೀಕ್ಷೆ ಮಾಡುವಾಗ ಅಕಸ್ಮಾತ್ತಾಗಿ ಸಿಕ್ಕ ವೈರಸ್ ಇದು. ಬಿ ಪ್ಯಾನೆಲ್ಲಿನ 19ನೇ ಸ್ಯಾಂಪಲ್, ಅದೇ ಹೆಸರಾಗಿ ಉಳಿಯಿತು. ಸಿಕಲ್ ಮಕ್ಕಳ ಮಜ್ಜೆ ನಿಲ್ಲಿಸುವುದು ಇದೇ ಎಂದು ಗೊತ್ತಾಗಿದ್ದು 1981ರಲ್ಲಿ. ಅದರ ಟೆಸ್ಟು ನಮ್ಮಲ್ಲಿಲ್ಲ. ನಮ್ಮ ಪಾಲಿಗಿರುವುದು ರೆಟಿಕ್ ಒಂದೇ.

ಮೊದಲ ಎಡವಟ್ಟು ಬಣ್ಣದ್ದು. ರೆಟಿಕ್ಕಿಗೆ ಹಾಕುವ ಬಣ್ಣದ ಹೆಸರೇ ‘ನ್ಯೂ ಮೆಥಿಲೀನ್ ಬ್ಲೂ’, ಫೋನಿನಲ್ಲಿ ಹಾಗೇ ಅಂದೆ. ಅಂಗಡಿಯವರು ಹೊಸ ಬಾಟಲಿ ಬೇಕು ಅಂತ ತಿಳಿದು ಬರೀ ಮೆಥಿಲೀನ್ ಬ್ಲೂ ಕಳಿಸಿದರು. ಅದು ಬೇರೆ ಬಣ್ಣ, ಕಫದ ಸ್ಲೈಡಿಗೆ ಹಾಕುತ್ತೇವಲ್ಲ, ಅದೇ. ಲೇಬಲ್ ನೋಡದೆ ನಾನೂ ಕಲಸಿದೆ. ಹತ್ತು ದಿನ ಎಲ್ಲರದೂ 0.1, 0.2. ಊರಿಗೆ ಊರೇ ಮಜ್ಜೆ ಕಳೆದುಕೊಂಡಿತೇ ಅನ್ನಿಸಿತು. ಅನುಮಾನ ಬಂದು ನನ್ನ ಬೆರಳನ್ನೇ ಚುಚ್ಚಿ ನೋಡಿದೆ, ಅದೂ 0.1! ಆ ದಿನಗಳ ರಿಪೋರ್ಟುಗಳನ್ನು ವಾಪಸ್ ತರಿಸಿಕೊಳ್ಳುವುದಕ್ಕೆ ನಾನೇ ಬೈಕಿನಲ್ಲಿ ಸುತ್ತಾಡಿದೆ. ಸರಿಯಾದ ಪುಡಿಗೆ ಎಂಟುನೂರೋ ಒಂಬೈನೂರೋ ಆಯಿತು, ವರ್ಷಗಟ್ಟಲೆ ಬಂದಿದೆ.

ಎರಡನೆಯದು ಮಳೆಗಾಲ. ಜುಲೈ ಬಂತೆಂದರೆ ಸ್ಮಿಯರ್, ಅಂದರೆ ಸ್ಲೈಡಿನ ಮೇಲೆ ಬಳಿದ ರಕ್ತ, ಒಣಗುವುದಿಲ್ಲ, ಪ್ರತಿ ಕಣದಲ್ಲೂ ಹೊಳೆಯುವ ಚುಕ್ಕೆ. ಫೈನ್ ಫೋಕಸ್ ತಿರುಗಿಸಿದರೆ ಮಿಂಚುತ್ತದೆ, ರೆಟಿಕ್ಕಿನ ಜಾಲರಿ ಹಾಗೆ ಮಿಂಚುವುದಿಲ್ಲ. ಗೊತ್ತಿದ್ದರೂ ಸಂಜೆ ಆರರ ಮೇಲೆ ಕಣ್ಣು ಮೋಸ ಹೋಗುತ್ತದೆ. ಹೇರ್ ಡ್ರೈಯರ್ ಹಿಡಿದೆ, ಕಣಗಳೆಲ್ಲ ಸುಕ್ಕಾದವು. ಈಗ ಬೇರೆ ಒಂದು ಉಪಾಯ ಇದೆ, ಖರ್ಚು ಇಲ್ಲವೇ ಇಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮೂರನೆಯದು ಇವತ್ತಿಗೂ ಚುಚ್ಚುತ್ತದೆ. ಒಂದು ಕ್ಯಾಂಪಿನ ಟ್ಯೂಬು ಹಿಂದಿನ ದಿನ ತೆಗೆದದ್ದು, ಇಡೀ ದಿನ ಜೀಪಿನ ಡಿಕ್ಕಿಯಲ್ಲಿ ಬಿಸಿಲು ತಿಂದಿತ್ತು. ರೆಟಿಕ್ 0.4 ಬಂತು, ಬರೆದುಕೊಟ್ಟೆ. ಆ ಮನೆಯವರು ಸಾವಿರದ ಇನ್ನೂರು ಕೊಟ್ಟು ಆಟೋ ಮಾಡಿಕೊಂಡು ಮೈಸೂರಿಗೆ ಓಡಿದರು. ಅಲ್ಲಿ ಹೊಸ ರಕ್ತದಲ್ಲಿ 7. ರೆಟಿಕ್ ಟ್ಯೂಬಿನೊಳಗೂ ಬಲಿಯುತ್ತಲೇ ಇರುತ್ತದೆ, ಬಲಿತ ಮೇಲೆ ಬಣ್ಣ ಹಿಡಿಯುವುದಿಲ್ಲ. ಆಟೋ ದುಡ್ಡು ನಾನೇ ಕೊಟ್ಟೆ. ಆಮೇಲೆ ಫ್ರಿಜ್ಜಿನಲ್ಲಿಡದೆ ಆರು ಗಂಟೆ ದಾಟಿದ ಸ್ಯಾಂಪಲ್ಲನ್ನು ರೆಟಿಕ್ಕಿಗೆ ಮುಟ್ಟಿಲ್ಲ.

ಈಗ ಚೌಕದ ವಿಷಯ. ಮಿಲ್ಲರ್ ಚೌಕ ಅಂದರೆ ಮೈಕ್ರೋಸ್ಕೋಪಿನ ಐಪೀಸಿನೊಳಗೆ (ಕಣ್ಣಿಟ್ಟು ನೋಡುವ ಮಸೂರ) ಕೂರಿಸುವ ಗಾಜಿನ ಬಿಲ್ಲೆ, ಅದರ ಮೇಲೆ ಒಂದರೊಳಗೊಂದು ಎರಡು ಚೌಕ. ದೊಡ್ಡದರಲ್ಲಿ ರೆಟಿಕ್, ಅದರೊಳಗಿನ ಸಣ್ಣದರಲ್ಲಿ ಒಟ್ಟು ಕಣ ಎಣಿಸಬೇಕು. ದೊಡ್ಡದು ಸಣ್ಣದರ ಒಂಬತ್ತರಷ್ಟು, ಹಾಗಾಗಿ ಒಟ್ಟು ಕಣವನ್ನು ಒಂಬತ್ತರಿಂದ ಗುಣಿಸು. ಡೀಲರು ಗಾಜಿನ ಬಿಲ್ಲೆಗೆ ಆರು ಸಾವಿರ ಚಿಲ್ಲರೆ ಹೇಳಿದರು. ನಮ್ಮ ರೆಟಿಕ್ ಚಾರ್ಜು 120 ರೂಪಾಯಿ, ತಿಂಗಳಿಗೆ ಹದಿನೈದು ಬಂದರೆ ಹೆಚ್ಚು. ಮಾಲೀಕರು ‘ಸಾವಿರ ಎಣಿಸೋದು ಬಿಟ್ಟು ಇದೆಲ್ಲ ಯಾಕೆ’ ಅಂದರು.

ಸರಿ, ನಾನೇ ಮಾಡಿದೆ. ಮೊದಲು ಹಳೇ ಎಕ್ಸ್‌ರೇ ಫಿಲ್ಮಿನಲ್ಲಿ ಬ್ಲೇಡಿನಿಂದ ಕಿಟಕಿ ಕೊರೆದೆ. ಬರಿಗಣ್ಣಿಗೆ ನೀಟಾಗಿತ್ತು. ಐಪೀಸಿನೊಳಗಿಟ್ಟು ನೋಡಿದರೆ ಅಂಚೆಲ್ಲ ಗರಗಸ. ಆಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಟ್ರಾನ್ಸ್‌ಪರೆನ್ಸಿ ಹಾಳೆಯ ಮೇಲೆ ಪ್ರಿಂಟ್ ಹೊಡೆಸಿದೆ, ಹೊರಗಿನದು 9 ಮಿಲಿಮೀಟರ್, ಒಳಗಿನದು 3. ಆ ಹುಡುಗ ಹಾಳೆಗೆ ಹೊಂದಿಸಲು ಹೋಗಿ ದೊಡ್ಡದು ಮಾಡಿಬಿಟ್ಟ, ಚೌಕದ ಮೂಲೆಗಳು ಫೀಲ್ಡಿನಿಂದಲೇ ಆಚೆ. ಎರಡನೇ ಸಲ ಅಳತೆ ಸರಿ ಬಂತು, ಆದರೆ ಗೆರೆ ಹಗ್ಗದ ಹಾಗೆ ದಪ್ಪ. ಒಂದು ಕಣ ಇಡಿಯಾಗಿ ಗೆರೆಯ ಕೆಳಗೆ ಅಡಗುತ್ತಿತ್ತು, ಒಳಗೋ ಹೊರಗೋ ಯಾರಿಗೆ ಗೊತ್ತು? ಗೆರೆ ಕೂದಲಿನಷ್ಟು ತೆಳುವಾಗುವ ಹೊತ್ತಿಗೆ ಐದು ಪ್ರಿಂಟ್ ಆಗಿತ್ತು, ಒಟ್ಟು ನೂರು ರೂಪಾಯಿ. ಕತ್ತರಿಸಿ ಐಪೀಸಿನ ಒಳಗಿನ ಉಂಗುರದ ಮೇಲೆ ಕೂರಿಸಿದೆ. ಸ್ಲೈಡಿಗೆ ಆಯಿಲ್ ಹಾಕಿ ಅದಕ್ಕೆಂದೇ ಇರುವ ದೊಡ್ಡ ಲೆನ್ಸಿನಲ್ಲಿ ನೋಡಿದರೆ ಸಣ್ಣ ಚೌಕದಲ್ಲಿ ಐದಾರು ಕಣ. ನೂರು ಫೀಲ್ಡಿಗೆ ಸುಮಾರು ಐದು ಸಾವಿರ ಕಣ ನೋಡಿದ ಲೆಕ್ಕ, ಇಪ್ಪತ್ತೈದು ನಿಮಿಷದ ಕೆಲಸ. ಎಡ ಗೆರೆ, ಮೇಲಿನ ಗೆರೆ ಮುಟ್ಟಿದ್ದು ಒಳಗೆ, ಉಳಿದೆರಡು ಮುಟ್ಟಿದ್ದು ಹೊರಗೆ, ಕೌಂಟಿಂಗ್ ಚೇಂಬರಿನ ಹಾಗೇ.

ಇದು ಸರಿಯೋ ತಪ್ಪೋ ನೋಡಲು 22 ಸ್ಯಾಂಪಲ್ ಅರ್ಧರ್ಧ ಮಾಡಿ ನಗರದ ಮೆಷಿನ್ನಿಗೆ ಕಳಿಸಿದೆ. ತಲಾ 350, ಜೇಬಿನಿಂದ ಹೆಚ್ಚುಕಡಿಮೆ ಎಂಟು ಸಾವಿರ ಹೋಯಿತು. ಮನೆಯಲ್ಲಿ ಹೇಳಿಲ್ಲ. ಹತ್ತೊಂಬತ್ತು ಹತ್ತಿರ ಹತ್ತಿರ ಬಂದವು. ಎರಡರಲ್ಲಿ ಮೆಷಿನ್ನು ನನಗಿಂತ ಜಾಸ್ತಿ ತೋರಿಸಿತ್ತು. ಸ್ಲೈಡ್ ಮತ್ತೆ ತೆಗೆದು ನೋಡಿದರೆ ತುಂಬ ಹೊವೆಲ್-ಜಾಲಿ ಬಾಡಿಗಳು, ಅಂದರೆ ಕೆಂಪು ಕಣದಲ್ಲಿ ಉಳಿದುಹೋದ ನ್ಯೂಕ್ಲಿಯಸ್ಸಿನ ಚೂರುಗಳು. ಅವನ್ನು ತೆಗೆಯಬೇಕಾದ ಸ್ಪ್ಲೀನ್ (ಗುಲ್ಮ) ಸೋತ ಮಕ್ಕಳು, ಮೆಷಿನ್ನು ಅವನ್ನೂ ರೆಟಿಕ್ ಅಂತ ಸೇರಿಸಿಕೊಂಡಿರಬೇಕು. ಅಲ್ಲಿ ನನ್ನ ಕಣ್ಣೇ ಗೆದ್ದಿತು, ಹೇಳಿಕೊಳ್ಳುವುದಕ್ಕೆ ನಾಚಿಕೆ ಇಲ್ಲ. ಇನ್ನೊಂದು ಯಾಕೆ ತಪ್ಪಿತೋ ಇವತ್ತಿಗೂ ಗೊತ್ತಾಗಿಲ್ಲ.

ಸುಮ್ನೆ ಕೂರುವ ಜಾಯಮಾನ ಅಲ್ಲವಲ್ಲ, ಬೇರೆ ಆಟಗಳನ್ನೂ ಆಡಿದೆ. ರಕ್ತದಾನ ಮಾಡಿ ಬಂದು ದಿನ ಬಿಟ್ಟು ದಿನ ನನ್ನದೇ ರೆಟಿಕ್ ನೋಡಿದೆ. 1.1 ಇದ್ದದ್ದು ಎಂಟನೇ ದಿನದ ಹೊತ್ತಿಗೆ ಎರಡೂವರೆ ಮುಟ್ಟಿ ಇಳಿಯಿತು. ರಕ್ತಕ್ಕೆ ಬಣ್ಣ ಬೆರೆಸಿದ ಮೇಲೆ ಸ್ವಲ್ಪ ಹೊತ್ತು ಬೆಚ್ಚಗಿಡಬೇಕು. ಕರೆಂಟ್ ಹೋದಾಗ ಆ ಟ್ಯೂಬನ್ನು ಅಂಗಿ ಜೇಬಿನಲ್ಲಿಟ್ಟು ಅರ್ಧ ಗಂಟೆ ಬಿಟ್ಟೆ, ಇನ್‌ಕ್ಯುಬೇಟರಿನ ಹದಿನೈದು ನಿಮಿಷಕ್ಕೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಆ ಜೀಪಿನ ಡಿಕ್ಕಿಯ ಪಾಠವನ್ನೂ ಬಿಡಲಿಲ್ಲ. ಮಾಮೂಲಿ ರಕ್ತವನ್ನು ಬೇಕೆಂದೇ ಎರಡು ಮೂರು ದಿನ ಹೊರಗಿಟ್ಟರೆ ರೆಟಿಕ್ ಇಳಿಯುತ್ತದೆ. ಕಡಿಮೆ ರೆಟಿಕ್ಕಿನ ಕಂಟ್ರೋಲು ಬಿಟ್ಟಿ! ಹೊಸ ಹುಡುಗಿಗೆ ಎಣಿಕೆ ಕಲಿಸಿದ್ದು ಅದರಲ್ಲೇ.

ಕಳೆದ ಬೇಸಿಗೆಯಲ್ಲಿ ಪರೀಕ್ಷೆ ಬಂತು. ಸಿಕಲ್ ಇರುವ ಒಂಬತ್ತು ವರ್ಷದ ಹುಡುಗ, ಜ್ವರ ಬಂದು ಬಿಟ್ಟಿತ್ತು, ತುಟಿ ಬಿಳಿಚಿತ್ತು. ಯಾವಾಗಲೂ 8ರ ಆಸುಪಾಸು ಇರುವ ಹಿಮೋಗ್ಲೋಬಿನ್ 4.6. ಡಾಕ್ಟರಿಗೆ ಕಣ ಒಡೆಯುವುದು ಜಾಸ್ತಿಯಾಗಿದೆ ಎಂಬ ಅನುಮಾನ. ಸ್ಪ್ಲೀನ್ ಊದಿರಲಿಲ್ಲ, ಕಣ್ಣು ಎಂದಿಗಿಂತ ಹಳದಿಯೂ ಆಗಿರಲಿಲ್ಲ. ನೂರು ಫೀಲ್ಡ್ ನೋಡಿದೆ. ಸಣ್ಣ ಚೌಕದಲ್ಲಿ ಒಟ್ಟು 560, ದೊಡ್ಡದರಲ್ಲಿ ರೆಟಿಕ್ ಐದೇ ಐದು. ಅಂದರೆ 0.1. ಲೆಕ್ಕ ಹಾಕಿದರೆ ಒಂದು ಮೈಕ್ರೋಲೀಟರ್ ರಕ್ತಕ್ಕೆ ಎರಡು ಸಾವಿರ ರೆಟಿಕ್ಕೂ ಇಲ್ಲ, ಇರಬೇಕಾದ್ದು ಕಡೇ ಪಕ್ಷ ಇಪ್ಪತ್ತೈದು ಸಾವಿರ. ‘ಒಡೆಯುತ್ತಿರೋದಲ್ಲ ಸಾರ್, ಹುಟ್ಟೋದೇ ನಿಂತಿದೆ’ ಅಂದೆ. ನಕ್ಕಿದ್ದ ಡಾಕ್ಟರೇ, ಈ ಸಲ ನಗಲಿಲ್ಲ. ಆವತ್ತೇ ರಕ್ತ ಕೊಡಲು ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಮ್ಮ ನರ್ಸ್ ಒಬ್ಬರು ಬಸುರಿ. ವೈರಸ್ ಹೊಟ್ಟೆಯ ಮಗುವಿಗೆ ಹೋಗಬಹುದು ಅಂತ ಅವರನ್ನು ಆ ಕೋಣೆಗೆ ಬಿಡಲಿಲ್ಲ.

ಅವನಿಗೆ ತಂಗಿ ಇದ್ದಳು, ಅವಳಿಗೂ ಸಿಕಲ್. ಆಡಿಕೊಂಡಿದ್ದಳು. ಐದಾರು ದಿನದ ಮೇಲೆ ಮೈ ಬಿಸಿ ಅಂತ ಅವಳಮ್ಮ ಕರೆತಂದಾಗ ಹಿಮೋಗ್ಲೋಬಿನ್ 7.6, ಯಾರಿಗೂ ಗಾಬರಿ ಆಗುವಂಥದ್ದಲ್ಲ. ಹಿಂದಿನ ತಿಂಗಳು ಅವಳ ರೆಟಿಕ್ 9 ಇತ್ತು. ಈಗ ನೂರು ಫೀಲ್ಡಿಗೆ ಹನ್ನೊಂದು ಸಿಕ್ಕವು, 0.2 ಚಿಲ್ಲರೆ. ಸಾವಿರ ಎಣಿಸಿ ಮುಗಿಸಿದ್ದರೆ ಎರಡೋ ಮೂರೋ ಸಿಗುತ್ತಿತ್ತು, ನಾನೇ ನಂಬುತ್ತಿರಲಿಲ್ಲ. ಮಾರನೇ ದಿನ 6.4, ಅದರ ಮಾರನೇ ದಿನ 5.1. ಆದರೆ ಅಷ್ಟರಲ್ಲಿ ಅವಳು ಅಣ್ಣನ ಪಕ್ಕದ ಮಂಚದಲ್ಲಿದ್ದಳು, ರಕ್ತದ ಬ್ಯಾಗೂ ಸಿದ್ಧವಾಗಿತ್ತು. ವಾರ ಕಳೆದು ಅವನ ಸ್ಲೈಡ್ ನೋಡಿದರೆ ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದ ಹಾಗೆ ಎಲ್ಲಿ ನೋಡಿದರಲ್ಲಿ ನೀಲಿ ಜಾಲರಿ. 14 ಪರ್ಸೆಂಟ್. ಅಂಥದ್ದಕ್ಕೆ ಚೌಕ ಬೇಕಿಲ್ಲ.

ಒಂದು ಮಾತು. ಸಿಕಲ್ ಮಗುವಿನ ರಿಪೋರ್ಟಿನಲ್ಲಿ 1 ಪರ್ಸೆಂಟ್ ಬಂದರೆ ಎದುರಿಗೆ ‘ನಾರ್ಮಲ್’ ಅಂತ ಅಚ್ಚಾಗಲು ಬಿಡಬೇಡಿ. ನಮ್ಮಂಥವರಿಗೆ 1 ಸರಿ, ಯಾವಾಗಲೂ ಜಾಸ್ತಿ ಇರುವ ಈ ಮಕ್ಕಳಿಗೆ ಅದು ಕಡಿಮೆ. ಆ ಮಗುವಿನ ಹಳೇ ಅಂಕಿ ಪಕ್ಕದಲ್ಲಿ ಬರೆಯಿರಿ.

ನನ್ನ ಚೌಕ ನಾಲ್ಕು ತಿಂಗಳಿಗೆ ಮಸುಕಾಗುತ್ತದೆ, ಬದಲಾಯಿಸಬೇಕು. ಒಂದು ಹಾಳೆಗೆ ಇನ್ನೂರು ಚೌಕ ಬರುತ್ತವೆ, ಬೇಕಾದವರು ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಮಳೆಗಾಲದಲ್ಲಿ ಸ್ಮಿಯರ್ ಒಣಗಿಸುವುದು ಹೇಗೆ ಅಂತ ಮಾತ್ರ ಕೇಳಬೇಡಿ.