ಹಿತ್ತಲಿನ ಹೊಸ ಕೊಳಕ್ಕೆ ಮೀನು ಬಿಡುವ ಕ್ರಮ

ಕೊಳಕ್ಕೆ ನೀರು ತುಂಬಿದ ದಿನವೇ ಮೀನುಮರಿಗಳನ್ನು ತಂದು ಬಿಡಬೇಕೆಂಬ ಆತುರ ಎಲ್ಲರಿಗೂ ಇರುತ್ತದೆ. ಆದರೆ ಹೊಸ ಕೊಳದ ತಿಳಿನೀರಿನಲ್ಲಿ ಮರಿಗಳಿಗೆ ತಿನ್ನಲು ಏನೂ ಇರುವುದಿಲ್ಲವಾದ್ದರಿಂದ, ಮೊದಲು ನೀರನ್ನು ಹದಕ್ಕೆ ತರಬೇಕು. ಇಲ್ಲಿ ಸುಮಾರು 400 ಚದರ ಮೀಟರ್ ವಿಸ್ತೀರ್ಣದ, ಒಂದೂವರೆಯಿಂದ ಎರಡು ಮೀಟರ್ ಆಳದ ಮಣ್ಣಿನ ಕೊಳವನ್ನು ಲೆಕ್ಕಕ್ಕೆ ಹಿಡಿದಿದ್ದೇನೆ. ನಿಮ್ಮ ಕೊಳ ಅದರ ಅರ್ಧದಷ್ಟಿದ್ದರೆ ಅಂಕಿಗಳನ್ನೂ ಅರ್ಧಕ್ಕಿಳಿಸಿಕೊಳ್ಳಿ.

ಮಣ್ಣು ಹುಳಿಯಾಗಿದ್ದರೆ, ತಳ ಇನ್ನೂ ಒಣಗಿರುವಾಗಲೇ ಎಂಟರಿಂದ ಹತ್ತು ಕಿಲೋ ಕೃಷಿ ಸುಣ್ಣವನ್ನು ಸಮನಾಗಿ ಎರಚಬೇಕು. ನೀರಿನ ಪಿಎಚ್ 7ರಿಂದ 8.5ರ ನಡುವೆ ಇದ್ದರೆ ಒಳ್ಳೆಯದು. ನೀರು ಬಿಡುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟದಿದ್ದರೆ ನೀರಿನೊಂದಿಗೆ ಬೇಟೆ ಮೀನುಗಳ ಮರಿಗಳೂ ಒಳಗೆ ಬಂದು ಸೇರುತ್ತವೆ. ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಅದನ್ನು ಎತ್ತರದಿಂದ ಸುರಿಯುವಂತೆ ಬಿಡಬೇಕು. ನಲ್ಲಿ ನೀರಾದರೆ ಕ್ಲೋರಿನ್ ಹೋಗುವವರೆಗೆ ಕಾಯಲೇಬೇಕು. ಸುಣ್ಣ ಹಾಕಿ ಒಂದು ವಾರ ಕಳೆದ ಮೇಲೆ ಸುಮಾರು 80 ಕಿಲೋ ಹಳೆಯ ಸಗಣಿ ಗೊಬ್ಬರವನ್ನು ನೀರಿನಲ್ಲಿ ಕದಡಿ ಹಾಕಿದರೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮತ್ತು ಜಲಜೀವಿಗಳು ಬೆಳೆದು ನೀರು ಹಸಿರು ಬಣ್ಣಕ್ಕೆ ತಿರುಗುತ್ತದೆ. ಹದ ನೋಡಲು ಉಪಕರಣ ಬೇಕಿಲ್ಲ. ತೋಳನ್ನು ನೇರವಾಗಿ ನೀರಿಗಿಳಿಸಿ, ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾಗಿ ಮರೆಯಾದರೆ ನೀರು ಸಿದ್ಧವಾಗಿದೆ ಎಂದರ್ಥ. ಮಣಿಕಟ್ಟಿನ ಆಳದಲ್ಲೇ ಅಂಗೈ ಕಾಣದಂತಾದರೆ ಹಸಿರು ಅತಿಯಾಗಿದೆ, ಗೊಬ್ಬರ ನಿಲ್ಲಿಸಬೇಕು.

ಇಷ್ಟು ದೊಡ್ಡ ಕೊಳಕ್ಕೆ ಬೆರಳುದ್ದದ, ಅಂದರೆ ಎಂಟರಿಂದ ಹತ್ತು ಸೆಂಟಿಮೀಟರಿನ 200 ಮರಿಗಳು ಸಾಕು. ಮೇಲ್ಪದರದಲ್ಲಿ ಮೇಯುವ ಕಾಟ್ಲಾ 80, ನಡುನೀರಿನ ರೋಹು 60, ತಳದಲ್ಲಿ ಮೇಯುವ ಮೃಗಾಲ್ 60 ಎಂದು ಹಂಚಿದರೆ ಒಂದರ ಆಹಾರಕ್ಕೆ ಇನ್ನೊಂದು ಪೈಪೋಟಿ ನಡೆಸುವುದಿಲ್ಲ. ತಿಲಾಪಿಯಾ ಗಟ್ಟಿ ಮೀನೇ ಆದರೂ ಕೊಳದಲ್ಲೇ ಮರಿ ಹಾಕಿ ಸಂಖ್ಯೆ ಮಿತಿಮೀರುವುದರಿಂದ, ಹಿತ್ತಲಿನ ಕೊಳಕ್ಕೆ ನಾನು ಅದನ್ನು ಸೂಚಿಸುವುದಿಲ್ಲ. ನನ್ನ ಮೊದಲ ಕೊಳದಲ್ಲಿ 200 ಮರಿಗಳ ಜಾಗಕ್ಕೆ 500 ಬಿಟ್ಟಿದ್ದೆ. ವರ್ಷ ಕಳೆದರೂ ಗಾಳಕ್ಕೆ ಸಿಕ್ಕ ಮೀನು ಅಂಗೈಯಷ್ಟೇ ಇತ್ತು.

ಮರಿಗಳನ್ನು ತಂಪು ಹೊತ್ತಿನಲ್ಲಿ ತರಬೇಕು. ಚೀಲವನ್ನು ಬಿಚ್ಚದೆ 15ರಿಂದ 20 ನಿಮಿಷ ಕೊಳದಲ್ಲಿ ತೇಲಲು ಬಿಟ್ಟು, ಒಳಗಿನ ಮತ್ತು ಹೊರಗಿನ ನೀರಿನ ಬಿಸಿ ಒಂದಾದ ಮೇಲೆ ಬಾಯಿ ಬಿಚ್ಚಿ, ಬೊಗಸೆ ಬೊಗಸೆಯಾಗಿ ಕೊಳದ ನೀರನ್ನು ಒಳಗೆ ಸೇರಿಸಿ, ಚೀಲವನ್ನು ಮೆಲ್ಲಗೆ ಓರೆ ಮಾಡಬೇಕು. ಮರಿಗಳು ತಾವಾಗಿಯೇ ಈಜಿ ಹೊರಬರಲಿ, ಸುರಿಯಬಾರದು. ಚೀಲದ ಅಂಚಿನಲ್ಲಿ ಕ್ಷಣ ಹೊತ್ತು ತಡೆದು ನಿಂತ ಮರಿ ತಟ್ಟನೆ ಆಳಕ್ಕೆ ಇಳಿದರೆ ಅದು ಆರೋಗ್ಯವಾಗಿದೆ. ಮಗ್ಗುಲಾಗಿ ತೇಲುವುದನ್ನು ಆಗಲೇ ಎತ್ತಿ ತೆಗೆಯಬೇಕು.

ಮೇವಿಗೆ ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಸಮಪಾಲು ಬೆರೆಸಿದರೆ ಸಾಕು. ಹತ್ತು ಗ್ರಾಂ ತೂಗುವ 200 ಮರಿಗಳ ಒಟ್ಟು ತೂಕ ಎರಡೇ ಕಿಲೋ. ಅದರ ಶೇಕಡಾ 3ರಷ್ಟು ಎಂದರೆ ದಿನಕ್ಕೆ ಕೇವಲ 60 ಗ್ರಾಂ ಮೇವು. ಮೀನುಗಳು ಕಾಲು ಕಿಲೋ ತೂಗುವ ಹೊತ್ತಿಗೆ ಶೇಕಡಾ 2ರ ಲೆಕ್ಕದಲ್ಲಿ ಒಂದು ಕಿಲೋ ಬೇಕಾಗುತ್ತದೆ. ಮೇವನ್ನು ದಿನವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ತಟ್ಟೆಯಲ್ಲಿ ಇಳಿಬಿಟ್ಟರೆ ಉಳಿದದ್ದು ಕಣ್ಣಿಗೆ ಬೀಳುತ್ತದೆ. ಉಳಿದ ಮೇವು ತಳದಲ್ಲಿ ಕೊಳೆತು ಆಮ್ಲಜನಕವನ್ನು ಕಬಳಿಸುವುದರಿಂದ, ತಟ್ಟೆ ಖಾಲಿಯಾಗದ ದಿನ ಮರುದಿನದ ಪಾಲನ್ನು ಕಡಿಮೆ ಮಾಡಬೇಕು.

ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಅದನ್ನು ಬಳಸುವುದರಿಂದ, ಸೂರ್ಯೋದಯಕ್ಕೆ ಮುಂಚಿನ ಹೊತ್ತು ಅತ್ಯಂತ ಅಪಾಯಕಾರಿ. ಮೋಡ ಕವಿದ ದಿನಗಳ ಮುಂಜಾವಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದರೆ, ಅವು ಹಸಿದಿವೆಯೆಂದು ಮೇವು ಹಾಕುವುದು ದೊಡ್ಡ ತಪ್ಪು. ಅಂಥ ದಿನ ಮೇವು, ಗೊಬ್ಬರ ಎರಡನ್ನೂ ನಿಲ್ಲಿಸಿ, ಹೊಸ ನೀರು ಹಾಯಿಸಬೇಕು; ಅದಿಲ್ಲದಿದ್ದರೆ ಕೊಳದ ನೀರನ್ನೇ ಪಂಪಿನಿಂದ ಎತ್ತಿ ಮಳೆಯಂತೆ ಚಿಮುಕಿಸಬೇಕು.

ಚೆನ್ನಾಗಿ ಮೇಯಿಸಿದರೆ ಹತ್ತು ಹನ್ನೆರಡು ತಿಂಗಳಲ್ಲಿ ಮೀನು ಕಿಲೋದ ಆಸುಪಾಸಿಗೆ ಬರುತ್ತದೆ. ಗಾಳ ಹಾಕಲು ಅದೇ ಸಕಾಲ. ಮರಳಿ ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಬೇಕು, ಒಣ ಕೈ ತಗುಲಿದರೆ ಮೈಮೇಲಿನ ಲೋಳೆ ಕಿತ್ತುಹೋಗಿ ರೋಗ ಅಂಟುತ್ತದೆ. ಈ ಮೂರು ಜಾತಿಗಳು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲವಾದ್ದರಿಂದ, ಹಿಡಿದು ತೆಗೆದ ಪ್ರತಿಯೊಂದು ಮೀನನ್ನೂ ಜಾತಿವಾರು ಬರೆದಿಟ್ಟುಕೊಂಡು, ಮುಂದಿನ ಸಲ ಅಷ್ಟೇ ಮರಿಗಳನ್ನು ತರಬೇಕು.