ಹೊಸ ಫೋನ್ ಕೊಳ್ಳಿ, ಹಳೆಯ ಪ್ಲಾನ್ ಕೈಬಿಡಬೇಡಿ

"ಅಣ್ಣಾ, ಸಿಮ್ ತೆಗೆದು ಹೊಸ ಫೋನಿಗೆ ಹಾಕಿದರೆ ನನ್ನ ಹಳೆಯ ಪ್ಲಾನ್ ಹೋಗಿಬಿಡುತ್ತದೆಯೇ?" ಗೋವಾದ ವಾಸ್ಕೋದಲ್ಲಿರುವ ನನ್ನ ಮೊಬೈಲ್ ಅಂಗಡಿಯ ಗಾಜಿನ ಕಪಾಟಿನ ಮೇಲೆ ಮೊಣಕೈ ಊರಿ ವಾರಕ್ಕೆ ನಾಲ್ಕು ಜನರಾದರೂ ಹೀಗೆ ಕೇಳುತ್ತಾರೆ. ಹೋಗುವುದಿಲ್ಲ. ಪ್ಲಾನ್ ಅಂಟಿಕೊಂಡಿರುವುದು ನಿಮ್ಮ ಸಂಖ್ಯೆಯ ಖಾತೆಗೆ. ಆ ಖಾತೆ ಇರುವುದು ಕಂಪನಿಯ ಕಂಪ್ಯೂಟರಿನಲ್ಲಿ. ಫೋನ್ ಬದಲಾಯಿತು ಎಂಬ ಒಂದೇ ಕಾರಣಕ್ಕೆ ಪ್ಲಾನ್ ಕಳೆದುಕೊಂಡ ಗಿರಾಕಿಯನ್ನು ನಾನು ಈವರೆಗೆ ನೋಡಿಲ್ಲ. ಫೋನ್ ಬದಲಿಸಿದ ವಾರದಲ್ಲೇ ಕಳೆದುಕೊಂಡವರನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ. ಅವರೆಲ್ಲ ಎಲ್ಲೋ ಒಂದು ಕಡೆ ಗಡಿಬಿಡಿಯಲ್ಲಿ "ಹೂಂ" ಎಂದಿದ್ದರು. ಆ "ಹೂಂ" ಅನ್ನು ಎಲ್ಲೆಲ್ಲಿ ಕೇಳುತ್ತಾರೆ, ಅಲ್ಲಿ ಏನು ಹೇಳಬೇಕು ಎಂಬುದನ್ನು ಬರೆಯುತ್ತಿದ್ದೇನೆ.

ನಾನು ಹಾವೇರಿ ಜಿಲ್ಲೆಯವನು. ರಿಚಾರ್ಜ್ ಮತ್ತು ರಿಪೇರಿ ನನ್ನ ಹೊಟ್ಟೆಪಾಡು. ನನ್ನ ಸ್ವಂತ ಸಂಖ್ಯೆಯ ಪ್ಲಾನ್ 2017ರಲ್ಲಿ ಮಾಡಿಸಿದ ಪೋಸ್ಟ್‌ಪೇಯ್ಡ್. ದಿನಕ್ಕೆ ಇಷ್ಟೇ ಎಂಬ ಮಿತಿ ಅದಕ್ಕಿಲ್ಲ, ವೇಗ ಇಳಿಸುವುದೂ ಇಲ್ಲ. ಆ ಪ್ಲಾನ್ ಈಗ ಯಾರಿಗೂ ಸಿಗುವುದಿಲ್ಲ. ಇಂದು ಅನ್‌ಲಿಮಿಟೆಡ್ ಎಂದು ಮಾರುವ ಪ್ರೀಪೇಯ್ಡ್ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಮಿತಿಯಿಲ್ಲದ್ದು ಕರೆ ಮಾತ್ರ. 4ಜಿ ಡೇಟಾ ಹೆಚ್ಚಾಗಿ ದಿನಕ್ಕೆ 1.5 ಅಥವಾ 2 ಜಿಬಿ, ಅದು ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ರಿಪೇರಿಗೆ ಬಂದ ಒಂದು ಫೋನಿನ ಸಾಫ್ಟ್‌ವೇರ್ ಇಳಿಸಿಕೊಳ್ಳಲು ಹಲವು ಜಿಬಿ ಬೇಕು. ಅಂಗಡಿಯ ಲ್ಯಾಪ್‌ಟಾಪ್ ನಡೆಯುವುದು ಈ ಫೋನಿನ ಹಾಟ್‌ಸ್ಪಾಟ್ ಮೇಲೆ. ರಾತ್ರಿ ಊಟವಾದ ಮೇಲೆ ಊರಿನಲ್ಲಿ ಅವ್ವ ಒಲೆಯ ಪಕ್ಕ ಫೋನನ್ನು ಚೊಂಬಿಗೆ ಒರಗಿಸಿಟ್ಟು ವಿಡಿಯೊ ಕರೆಯಲ್ಲಿ ಒಂದು ಗಂಟೆ ಕೂರುತ್ತಾಳೆ. ಮಾತು ಹತ್ತು ನಿಮಿಷದ್ದು, ಉಳಿದದ್ದು ಸುಮ್ಮನೆ ಇರುವುದು. ಡೇಟಾ ಎಣಿಸುವವರಿಂದ ಆ ಸುಮ್ಮನಿರುವುದು ಆಗುವುದಿಲ್ಲ. ಅದಕ್ಕಾಗಿ ಈ ಪ್ಲಾನನ್ನು ನಾನು ಕಣ್ಣಿನಂತೆ ಕಾಯುತ್ತೇನೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಹಳೆಯ ಪ್ಲಾನ್ ಶಾಶ್ವತ ಹಕ್ಕಾಗಿ ಬಂದದ್ದಲ್ಲ. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆಯಾದ ಟ್ರಾಯ್‌ನ ನಿಯಮದ ಪ್ರಕಾರ ಪ್ಲಾನ್ ಪಡೆದ ದಿನದಿಂದ ಆರು ತಿಂಗಳವರೆಗೆ ಕಂಪನಿ ನಿಮಗೆ ದರ ಏರಿಸುವಂತಿಲ್ಲ. ಆಮೇಲೆ ಮುಂಚಿತವಾಗಿ ತಿಳಿಸಿ ಬದಲಿಸಬಹುದು. ಕಂಪನಿಯೇ ನಿಲ್ಲಿಸಿದರೆ ನಮ್ಮ ಕೈಯಲ್ಲಿ ಏನೂ ಇಲ್ಲ. ಆದರೆ ಅವರಾಗಿ ತೆಗೆಯುವ ಮೊದಲು ನಾವೇ ಬಿಟ್ಟುಕೊಡಬೇಕಾಗಿಲ್ಲ.

ಅಮೆರಿಕದಲ್ಲಿ ಈ ಆಟ ಬೇರೆ ರೀತಿ ನಡೆದಿತ್ತು. ವೆರೈಝನ್ ಕಂಪನಿ 2011ರ ಜುಲೈಯಲ್ಲಿ ಹೊಸ ಗಿರಾಕಿಗಳಿಗೆ ಅನ್‌ಲಿಮಿಟೆಡ್ ಡೇಟಾ ನಿಲ್ಲಿಸಿತು. ಹಳಬರಿಗೆ ಉಳಿಸಿತು, ಆದರೆ 2012ರಿಂದ ರಿಯಾಯಿತಿ ಬೆಲೆಗೆ ಹೊಸ ಫೋನ್ ಪಡೆದರೆ ಆ ಪ್ಲಾನ್ ಬಿಡಬೇಕು ಎಂದಿತು. ಪೂರ್ತಿ ಬೆಲೆ ಕೊಟ್ಟು ಫೋನ್ ಕೊಂಡವರ ಪ್ಲಾನ್ ಉಳಿಯಿತು. ನಮ್ಮಲ್ಲಿ ಫೋನ್ ಒಂದು ಅಂಗಡಿಯದು, ಸಿಮ್ ಇನ್ನೊಂದು ಕಂಪನಿಯದು, ಆದ್ದರಿಂದ ಆ ಕಾಟ ಕಡಿಮೆ. ಆದರೂ "ಈ ಪ್ಲಾನ್ ತೆಗೆದುಕೊಂಡರೆ ಫೋನ್ ಕಂತಿನಲ್ಲಿ ಕೊಡುತ್ತೇವೆ" ಎನ್ನುವ ಯೋಜನೆ ಕಂಡರೆ ಅಮೆರಿಕದವರ ಕಥೆ ನೆನೆಸಿಕೊಳ್ಳಿ. ಫೋನನ್ನು ಬೇರೆ ಅಂಗಡಿಯಲ್ಲಿ ಬೇರೆಯಾಗಿಯೇ ಕೊಳ್ಳಿ.

ಫೋನ್ ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ, ಇದನ್ನು ಯಾರೂ ಮಾಡುವುದಿಲ್ಲ. ಕೊನೆಯ ಮೂರು ಬಿಲ್‌ಗಳನ್ನು ಇಳಿಸಿಕೊಂಡು ಕಾಗದದ ಮೇಲೆ ಮುದ್ರಿಸಿಡಿ. ಬಿಲ್ಲಿನಲ್ಲಿ ಪ್ಲಾನಿನ ಹೆಸರು, ತಿಂಗಳ ಬಾಡಿಗೆ, ಡೇಟಾದ ವಿವರ ಇರುತ್ತದೆ. ಆ ಹೆಸರಿನ ಕೆಳಗೆ ಪೆನ್ನಿನಿಂದ ಗೆರೆ ಎಳೆಯಿರಿ. ನಾಳೆ ಜಗಳವಾದರೆ "ನನ್ನದು ಹಳೆಯ ಪ್ಲಾನ್, ಅನ್‌ಲಿಮಿಟೆಡ್ ಇತ್ತು" ಎಂಬ ಬಾಯಿಮಾತಿಗೆ ಬೆಲೆ ಇಲ್ಲ, ಹೆಸರಿಗೆ ಇದೆ.

ಸೆಕೆಂಡ್‌ಹ್ಯಾಂಡ್ ಫೋನ್ ಕೊಳ್ಳುವವರು ಹಣ ಕೊಡುವ ಮೊದಲು *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ (KYM) ಎಂದು ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿ. ಕದ್ದ ಫೋನ್ ಎಂದು ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ. ಅಂಥ ಫೋನಿನಲ್ಲಿ ಎಂಥ ಪ್ಲಾನ್ ಇದ್ದರೂ ಪ್ರಯೋಜನವಿಲ್ಲ.

ಈಗ ಸಿಮ್. ನಿಮ್ಮದು 4ಜಿ ನ್ಯಾನೊ ಸಿಮ್ ಆಗಿದ್ದು ಹೊಸ ಫೋನಿನ ತಟ್ಟೆಯಲ್ಲಿ ಕೂರುವುದಾದರೆ ಹಾಕಿ, ಮುಗಿಯಿತು. ಯಾವ ಅಂಗಡಿಗೂ ಹೋಗಬೇಡಿ, ನನ್ನ ಅಂಗಡಿಗೂ ಬರಬೇಡಿ. "5ಜಿ ಫೋನಿಗೆ 5ಜಿ ಸಿಮ್ ಬೇಕು" ಎಂದು ಕರೆ ಬಂದರೆ ಫೋನ್ ಇಡಿ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾದಾಗಲೇ ಜಿಯೊ, ಏರ್‌ಟೆಲ್ ಎರಡೂ 4ಜಿ ಸಿಮ್ ಸಾಕು ಎಂದು ಹೇಳಿವೆ. ಹಳೆಯ ಪ್ಲಾನಿನಲ್ಲಿ 5ಜಿ ಬರದೇ ಇರಬಹುದು, ಅದು ನಿಜ. ನನ್ನದರಲ್ಲಿ ಬರುವುದಿಲ್ಲ. ಆ ವೇಗಕ್ಕಾಗಿ ಮಿತಿಯಿಲ್ಲದ ಡೇಟಾವನ್ನು ಕೊಡುವುದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯಾಪಾರ.

ಸಿಮ್ ದೊಡ್ಡದಿದ್ದರೆ ಕತ್ತರಿಸಲು ತಂದು ಕೊಡುತ್ತಾರೆ. ಸ್ಟೇಪ್ಲರಿನಂಥ ಕಟರ್ ನನ್ನ ಬಳಿಯೂ ಇದೆ, ಈಗ ಬಳಸುವುದಿಲ್ಲ. ಹಳೆಯ ಸಿಮ್ಮಿನ ಚಿನ್ನದ ಬಣ್ಣದ ಚೌಕ ಅಗಲ ಹೆಚ್ಚು. ನ್ಯಾನೊ ಅಳತೆ 12.3 ಮಿಲಿಮೀಟರ್‌ಗೆ 8.8 ಮಿಲಿಮೀಟರ್ ಅಷ್ಟೇ. ಬ್ಲೇಡು ಕೂದಲೆಳೆಯಷ್ಟು ಸರಿದರೂ ಚೌಕದ ಅಂಚು ಹೋಗುತ್ತದೆ. ಹಳೆಯ ಸಿಮ್ ದಪ್ಪವೂ ಹೆಚ್ಚು, ತಟ್ಟೆಯಲ್ಲಿ ಸಿಕ್ಕಿಕೊಂಡು ಫೋನಿನೊಳಗಿನ ಪಿನ್ನುಗಳನ್ನು ಕಿತ್ತುಹಾಕುತ್ತದೆ. 3ಜಿ ಕಾಲದ ಸಿಮ್ ಆಗಿದ್ದರೆ ಕತ್ತರಿಸಿದರೂ 4ಜಿ ಬರುವುದಿಲ್ಲ. ಆಗ ಡುಪ್ಲಿಕೇಟ್ ಸಿಮ್, ಅಂದರೆ ಅದೇ ಸಂಖ್ಯೆಗೆ ಹೊಸ ಸಿಮ್, ಮಾಡಿಸಬೇಕು. ಪ್ಲಾನ್ ಕೈತಪ್ಪುವ ಮೊದಲ ಜಾಗ ಇದೇ.

ಕಳೆದ ಮಳೆಗಾಲದಲ್ಲಿ ನನ್ನ ಫೋನ್ ನೀರು ಕುಡಿದು ಸತ್ತಿತು. ಒಳಗಿದ್ದ ಸಿಮ್ಮೂ ಹೋಯಿತು. ಕಂಪನಿಯ ಸ್ವಂತ ಮಳಿಗೆಗೆ ಹೋದೆ. ಕೌಂಟರಿನ ಹುಡುಗ ಮರ್ಯಾದೆಯವನೇ. ಸಂಖ್ಯೆ ಹಾಕಿದ, ಆಧಾರ್ ನೋಡಿದ, ಬೆರಳು ಒತ್ತಿಸಿಕೊಂಡ. ಆಮೇಲೆ ಟ್ಯಾಬ್ಲೆಟ್ ನನ್ನ ಕಡೆ ತಿರುಗಿಸಿ, "ಸರ್, ಮನೆಯವರ ಸಂಖ್ಯೆಗೆ ಒಟಿಪಿ ಬಂದಿದೆ, ಹೇಳಿ" ಎಂದ. ಪರದೆಯ ಮೇಲುಭಾಗದಲ್ಲಿ ಸಿಮ್ ಬದಲಾವಣೆ ಎಂದಿತ್ತು. ಬೆರಳಿನಿಂದ ಕೆಳಗೆ ಸರಿಸಿದೆ. ಅಲ್ಲಿ ಇನ್ನೊಂದು ಸಾಲು, ಮುಂದೆ ಚೌಕ, ಚೌಕದಲ್ಲಿ ಆಗಲೇ ಟಿಕ್ ಗುರುತು. ಪ್ಲಾನಿನ ಹೆಸರು ನನ್ನದಲ್ಲ. ಕೇಳಿದೆ. "ಇದು ಇನ್ನೂ ಒಳ್ಳೆಯ ಪ್ಲಾನ್ ಸರ್, ಎಲ್ಲರಿಗೂ ಇದನ್ನೇ ಮಾಡುತ್ತೇವೆ" ಎಂದ. ನಾನು ಜೇಬಿನಿಂದ ಹಳೆಯ ಬಿಲ್ ತೆಗೆದು ಗೆರೆ ಎಳೆದ ಹೆಸರು ತೋರಿಸಿ, "ತಮ್ಮಾ, ಸಿಮ್ ಮಾತ್ರ. ಪ್ಲಾನ್ ಹೀಗೆಯೇ ಇರಲಿ. ಆ ಟಿಕ್ ತೆಗೆದು ಹೊಸದಾಗಿ ಒಟಿಪಿ ಕಳಿಸು" ಎಂದೆ. ತೆಗೆದ. ಎರಡನೆಯ ಸಂದೇಶ ಬಂದಾಗ ಹೆಂಡತಿಗೆ ಫೋನ್ ಮಾಡಿಸಿ, ಅಂಕಿಗಿಂತ ಮೊದಲು ಸಂದೇಶವನ್ನು ಪೂರ್ತಿ ಓದಿಸಿದೆ. ಸಿಮ್ ಬದಲಾವಣೆ ಎಂದಷ್ಟೇ ಇತ್ತು. ಆಮೇಲೆ ಅಂಕಿ ಹೇಳಿದೆ.

ಆದ್ದರಿಂದ ಕೌಂಟರಿನಲ್ಲಿ ಹೇಳಬೇಕಾದದ್ದು ಎರಡೇ ಪದ: "ಸಿಮ್ ಮಾತ್ರ." ಒಟಿಪಿ ಸಂದೇಶದಲ್ಲಿ ಅಂಕಿಯನ್ನಷ್ಟೇ ನೋಡಬೇಡಿ, ಅದು ಯಾವುದಕ್ಕೆ ಎಂಬ ಸಾಲನ್ನು ಓದಿ. ಇಂಗ್ಲಿಷ್ ಬರದಿದ್ದರೆ ಓದಬಲ್ಲ ಮಗಳನ್ನೋ ಮಗನನ್ನೋ ಕರೆದುಕೊಂಡು ಹೋಗಿ. ನನ್ನ ಅಂಗಡಿಗೆ ಬಂದು ಓದಿಸಿಕೊಂಡರೂ ಸರಿ, ಅದಕ್ಕೆ ದುಡ್ಡಿಲ್ಲ.

ಬೆರಳಿನ ವಿಷಯಕ್ಕೆ ಬಂದೆ, ಹೇಳಿಯೇ ಮುಂದೆ ಹೋಗುತ್ತೇನೆ. ಬೈನಾದ ಕಡೆಯ ಒಬ್ಬ ಗೌಂಡಿ ಕಾಕಾ ಡುಪ್ಲಿಕೇಟ್ ಸಿಮ್ಮಿಗೆ ನನ್ನಲ್ಲಿ ಬಂದಿದ್ದರು. ನಲವತ್ತು ವರ್ಷ ಸಿಮೆಂಟು ಕಲಸಿದ ಕೈ. ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದು ಹೊಳೆಕಲ್ಲಿನಂತೆ ನುಣ್ಣಗಾಗಿದ್ದವು. ಯಂತ್ರ ಐದು ಸಲ ಕೆಂಪು ದೀಪ ತೋರಿಸಿತು. ಅವರು ತಪ್ಪು ಮಾಡಿದವರಂತೆ ಕೈಯನ್ನು ಪಂಚೆಗೆ ಒರೆಸುತ್ತಲೇ ಇದ್ದರು. ನೋಡಲು ಸಂಕಟವಾಯಿತು. ಬಿಸಿನೀರಿನಲ್ಲಿ ಕೈ ತೊಳೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ, ಯಂತ್ರದ ಗಾಜನ್ನೂ ಒರೆಸಿ, ಎಡಗೈ ಉಂಗುರಬೆರಳು ಇಡಿಸಿದೆ. ಹಸಿರು ದೀಪ ಬಂತು. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಹತ್ತು ಬೆರಳೂ ನಿಮ್ಮವೇ. ಕೆಲಸ ಕಡಿಮೆ ಮಾಡಿದ ಬೆರಳನ್ನು ಇಡಿ.

ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದೂ ಇಲ್ಲ. ಸಿಮ್ ಕದ್ದು ಬ್ಯಾಂಕ್ ಖಾತೆ ದೋಚುವವರನ್ನು ತಡೆಯಲು ಮಾಡಿದ ನಿಯಮ ಇದು, ಒಳ್ಳೆಯದೇ. ಆದರೆ ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಲು ನಿಮ್ಮ ಸಿಮ್ಮಿನಿಂದ ಒಂದು ಎಸ್‌ಎಂಎಸ್ ಹೋಗಬೇಕು. ಅದು ಹೋಗದೆ ಫೋನ್ ಕೆಟ್ಟಿದೆ ಎಂದು ಜನ ನನ್ನ ಬಳಿ ಓಡಿ ಬರುತ್ತಾರೆ. ಕೆಟ್ಟಿಲ್ಲ. ಹಿಂದಿನ ದಿನವೇ ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ. ಕಂತು ಕಟ್ಟುವ ದಿನ, ಊರಿಗೆ ಹಣ ಕಳಿಸುವ ದಿನ, ರೈಲು ಟಿಕೆಟ್ ತೆಗೆಯುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಊರಿನ ಸಂಖ್ಯೆಯನ್ನೇ ಇಟ್ಟುಕೊಂಡವರಿಗೆ ಇನ್ನೊಂದು ತೊಡಕಿದೆ. ಗೋವಾ ಮತ್ತು ಮಹಾರಾಷ್ಟ್ರ ಸೇರಿ ಒಂದು ಟೆಲಿಕಾಂ ವೃತ್ತ, ಅಂದರೆ ಫೋನ್ ಸೇವೆಯ ಲೆಕ್ಕದಲ್ಲಿ ಒಂದು ಪ್ರದೇಶ; ಮುಂಬೈ ಮಾತ್ರ ಬೇರೆ, ಕರ್ನಾಟಕ ಬೇರೆ. ಕರ್ನಾಟಕದ ಸಂಖ್ಯೆಗೆ ಡುಪ್ಲಿಕೇಟ್ ಸಿಮ್ ನನ್ನ ಯಂತ್ರದಲ್ಲಿ ಆಗುವುದಿಲ್ಲ. ಅದಕ್ಕಾಗಿ ಆತುರಪಟ್ಟು ಗೋವಾ ಸಂಖ್ಯೆ ಮಾಡಿಸಿಕೊಂಡು ಹಳೆಯ ಪ್ಲಾನ್ ಬಿಡಬೇಡಿ. ಮಡಗಾಂವದಿಂದ ರೈಲು ಹತ್ತಿದರೆ ಕಾರವಾರ ಒಂದೇ ಬೆಳಗಿನ ಪ್ರಯಾಣ. ಜಾತ್ರೆಗೋ ಯುಗಾದಿಗೋ ಊರಿಗೆ ಹೋದಾಗ ಮಾಡಿಸಿದರೂ ಆಯಿತು.

ವಿದೇಶದಿಂದ ಬಂದ ಫೋನ್‌ಗಳು ಗೋವಾದಲ್ಲಿ ಬಹಳ. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ ಸಿಮ್ ತಟ್ಟೆಯೇ ಇಲ್ಲ. ಇ-ಸಿಮ್ ಆಗಲೇಬೇಕು. ಇ-ಸಿಮ್ ಮಾಡಿಸಿದರೂ ಪ್ಲಾನ್ ಬದಲಾಗುವುದಿಲ್ಲ. ಪ್ಲಾಸ್ಟಿಕ್ಕಿನ ಬದಲು ಫೋನಿನೊಳಗಿನ ಚಿಪ್, ಅಷ್ಟೇ ವ್ಯತ್ಯಾಸ. ಕಂಪನಿಯ ಆ್ಯಪ್‌ನಲ್ಲಿ ನೀವೇ ಕೋರಿಕೆ ಹಾಕಿ, ಇಲ್ಲವೇ ಮಳಿಗೆಗೆ ಹೋಗಿ. ಕರೆ ಮಾಡಿ "ಇ-ಸಿಮ್ ಮಾಡಿಕೊಡುತ್ತೇನೆ, ಬಂದ ಸಂದೇಶಕ್ಕೆ ಉತ್ತರ ಕೊಡಿ" ಎನ್ನುವವನು ಕಳ್ಳ. ನಿಮ್ಮ ಸಂಖ್ಯೆ ಅವನ ಫೋನಿಗೆ ಹೋಗುತ್ತದೆ. ಇ-ಸಿಮ್ ಹಾಕಿದ ಫೋನನ್ನು ರೀಸೆಟ್ ಮಾಡುವಾಗ ಇ-ಸಿಮ್ ಅಳಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಅಳಿಸಿದರೆ ಮತ್ತೆ ಮಳಿಗೆಯ ಮೆಟ್ಟಿಲು ಹತ್ತಬೇಕಾದೀತು.

ಪ್ಲಾನ್ ಕೈತಪ್ಪುವ ಎರಡನೆಯ ಜಾಗ ಕರೆಗಳು. ಝುವಾರಿನಗರದಲ್ಲಿ ಖಾನಾವಳಿ ನಡೆಸುವ ಅಕ್ಕ ಒಬ್ಬರಿದ್ದಾರೆ. ನನ್ನಂಥದೇ ಪ್ಲಾನ್. ಮಧ್ಯಾಹ್ನ ಊಟದ ಗದ್ದಲದಲ್ಲಿ, ಒಂದು ಕೈಯಲ್ಲಿ ರೊಟ್ಟಿ ತಟ್ಟುತ್ತ, ಕರೆ ಎತ್ತಿದರು. ಹೊಸ ಫೋನಿಗೆ ಹೊಸ ಸೌಲಭ್ಯ, ಹೆಚ್ಚಿನ ಖರ್ಚಿಲ್ಲ ಎಂದರಂತೆ. "ಹೂಂ, ಮಾಡಿರಿ" ಎಂದು ಒಟಿಪಿ ಕೊಟ್ಟರು. ಮುಂದಿನ ಬಿಲ್ಲಿನಲ್ಲಿ ತಿಂಗಳಿಗೆ 75 ಜಿಬಿ ಎಂದಿತ್ತು. ಮರುದಿನವೇ ಕಂಪನಿಯ ದೂರು ಕೇಂದ್ರವಾದ 198ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದರೆ ಏನಾದರೂ ಆಗುತ್ತಿತ್ತೇನೋ, ಗೊತ್ತಾಗುವಷ್ಟರಲ್ಲಿ ಐದು ವಾರ ಕಳೆದಿತ್ತು. ಆ ಪ್ಲಾನ್ ಈಗ ಪಟ್ಟಿಯಲ್ಲೇ ಇಲ್ಲ ಎಂದರು ಕಂಪನಿಯವರು. ಮಗಳು ಅದೇ ಹಾಟ್‌ಸ್ಪಾಟಿನಲ್ಲಿ ನರ್ಸಿಂಗ್ ಪಾಠ ಕೇಳುತ್ತಿದ್ದಳು.

ಪೋರ್ಟ್ ಮಾಡಿದರೂ, ಅಂದರೆ ಅದೇ ಸಂಖ್ಯೆ ಇಟ್ಟುಕೊಂಡು ಬೇರೆ ಕಂಪನಿಗೆ ಹೋದರೂ, ಇದೇ ಗತಿ: ಸಂಖ್ಯೆ ನಿಮ್ಮ ಜೊತೆ ಬರುತ್ತದೆ, ಪ್ಲಾನ್ ಬರುವುದಿಲ್ಲ. ತಿರುಗಿ ಹಳೆಯ ಕಂಪನಿಗೆ ಹೋದರೂ ನೀವು ಅವರಿಗೆ ಹೊಸ ಗಿರಾಕಿ. ಪೋಸ್ಟ್‌ಪೇಯ್ಡ್‌ನಿಂದ ಪ್ರೀಪೇಯ್ಡ್‌ಗೆ ಹೋಗುವುದು, ಕುಟುಂಬ ಪ್ಲಾನಿಗೆ ಸೇರಿಸುವುದು, ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಮಾಡಿಸುವುದು, ಇವೆಲ್ಲ ಖಾತೆಯನ್ನೇ ಕಲಕುವ ಕೆಲಸಗಳು. ಮಾಡುವ ಮುಂಚೆ "ಇದೇ ಹೆಸರಿನ ಪ್ಲಾನ್ ಉಳಿಯುತ್ತದೆಯೇ" ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ದೂರು ಕೊಡುವಾಗ 198ರಲ್ಲಿ ಸಿಗುವ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಆ ಸಂಖ್ಯೆ ಇಲ್ಲದೆ ಮೇಲ್ಮನವಿ ಮುಂದೆ ಹೋಗುವುದಿಲ್ಲ.

ಹೊಸ ಫೋನ್ ಬಂದ ಮೊದಲ ದಿನ ಕಂಪನಿಯ ಆ್ಯಪ್ ತೆರೆಯುವಾಗ ಎಚ್ಚರ. ಮೊದಲ ಪರದೆಯಲ್ಲೇ ದೊಡ್ಡ ಬಣ್ಣದ ಗುಂಡಿ ಇರುತ್ತದೆ, ಪ್ಲಾನ್ ಬದಲಿಸಿ ಎಂದು. ಮಕ್ಕಳ ಕೈಗೆ ಫೋನ್ ಕೊಡುವ ಮನೆಯಾದರೆ ಆ ಆ್ಯಪ್ ಹಾಕಲೇಬೇಡಿ, ಬಿಲ್ ಇಮೇಲ್‌ಗೆ ಬರಲಿ. ಹಳೆಯ ಫೋನನ್ನು ಒಂದು ಬಿಲ್ ಬರುವವರೆಗೆ ಮಾರಬೇಡಿ. ಎಲ್ಲಿಯೋ ಒಂದು ಒಟಿಪಿ, ಒಂದು ಚಿತ್ರ ಅದರಲ್ಲೇ ಉಳಿದಿರುತ್ತದೆ.

ಸಿಮ್ ಬದಲಿಸಿದ ಮೇಲೆ ನನ್ನ ಮೊದಲ ಬಿಲ್ ಬಂದ ದಿನ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ತೆರೆದು ನೋಡಿದೆ. ಮೊತ್ತವನ್ನು ಆಮೇಲೆ ನೋಡಿದೆ. ಮೊದಲು ಪ್ಲಾನಿನ ಹೆಸರು. ಅದೇ ಹೆಸರು, ಅಕ್ಷರ ವ್ಯತ್ಯಾಸವಿಲ್ಲ. ಮುದ್ರಿಸಿ, ಹೆಸರಿನ ಕೆಳಗೆ ಗೆರೆ ಎಳೆದು, ಹಳೆಯ ಮೂರರ ಜೊತೆ ಪಿನ್ ಹಾಕಿ ಗಲ್ಲೆಯ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇನೆ.