ಖದರ್ ಗಾಲಿ, ಹಳೇ ಮೈಲೇಜು: ನನ್ನ ವಿ-ಕ್ರಾಸ್ ಅನುಭವ

ನನ್ನ ವಿ-ಕ್ರಾಸ್, ಅಂದರೆ ಇಸುಜು ಕಂಪನಿಯ ಪಿಕಪ್ ಗಾಡಿ, ಈಗ ಲೀಟರಿಗೆ 12 ಕಿಲೋಮೀಟರಿನ ಮೇಲೆ ಗಟ್ಟಿಯಾಗಿ ನಿಂತಿದೆ. ಅದೂ ಕಂಪನಿಯ ಸಪ್ಪೆ ಟೈರಿನ ಮೇಲಲ್ಲ, ಹಿಂದಿನಿಂದ ಬಂದರೆ ಮುಂದಿನವರು ಕನ್ನಡಿ ನೋಡಿ ದಾರಿ ಬಿಡುವಂಥ ಎಟಿ (ಆಲ್ ಟೆರೇನ್, ಡಾಂಬರಿಗೂ ಕಚ್ಚಾ ದಾರಿಗೂ ಆಗುವ) ಟೈರಿನ ಮೇಲೆ. ಹುಬ್ಬಳ್ಳಿ ಗೋಕುಲ ರೋಡಿನ ಟೈರ್ ಅಂಗಡಿಯವರಿಂದ ಹಿಡಿದು ನಮ್ಮ ಭಾವನವರೆಗೆ ಎಲ್ಲರೂ ಇದು ಆಗೂದಲ್ಲ ಅಂದಿದ್ದರು. "ಗಾಲಿ ಚಂದ ಬೇಕಂದ್ರ ಡೀಸೆಲ್ಲಿಗೆ ರೊಕ್ಕಾ ತಗದಿಡು, ಮೈಲೇಜ್ ಬೇಕಂದ್ರ ಕಂಪನಿ ಟೈರ್ ಹಾಕ್ಕೊಂಡು ಸುಮ್ನಿರು. ಎರಡೂ ಬೇಕಂದ್ರ ಹೆಂಗೋ ತಮ್ಮಾ?" ಅಂತ ಭಾವ ನಕ್ಕಿದ್ದರು. ಡೀಸೆಲ್ ಲೆಕ್ಕದ ವಹಿ ತೋರಿಸಿದ ಮೇಲೆ ಅವರೂ ಸುಮ್ಮನಾದರು.

ಗಾಡಿ 2017ರ ಮಾಡೆಲ್, ಸೆಕೆಂಡ್ ಹ್ಯಾಂಡ್. 2.5 ಲೀಟರ್ ಇಂಜಿನ್, ಐದು ಗೇರ್, ಫೋರ್ ವ್ಹೀಲ್ ಡ್ರೈವ್. ಕಂಪನಿ ಟೈರು 245/70 ಆರ್16, ಅಂದರೆ ಅಗಲ 245 ಮಿಲಿಮೀಟರ್, ಬಗಲಿನ (ಪಕ್ಕದ ಗೋಡೆಯ) ಎತ್ತರ ಅದರ ನೂರಕ್ಕೆ 70, ರಿಮ್ 16 ಇಂಚು. ನನ್ನ ಓಡಾಟ ಗದಗದಿಂದ ಬ್ಯಾಡಗಿಗೆ ಮೆಣಸಿನಕಾಯಿ, ರಾಣೆಬೆನ್ನೂರಿನಿಂದ ಬೀಜ, ಉಳಿದಂತೆ ಮುಂಡರಗಿ ಹತ್ತಿರದ ಹೊಲ. ನೂರಕ್ಕೆ ತೊಂಬತ್ತು ಪಾಲು ಡಾಂಬರು ಅನ್ನಿ. ಮೈಲೇಜು 12.5 ಬರುತ್ತಿತ್ತು, ಅದಕ್ಕೆ ತಕರಾರಿಲ್ಲ. ನೋಡಲು ಮಾತ್ರ ಆ ಗಾಡಿ, ಪೈಲ್ವಾನನಿಗೆ ಹುಡುಗರ ಚಪ್ಪಲಿ ತೊಡಿಸಿದ ಹಾಗೆ ಕಾಣುತ್ತಿತ್ತು.

ಮೊದಲು ಹಾಕಿಸಿದ್ದು 265/70 ಆರ್16, ಎಲ್‌ಟಿ (ಲೈಟ್ ಟ್ರಕ್) ಟೈರು, ಹತ್ತು ಪ್ಲೈ, ಅಂದರೆ ಹತ್ತು ಪದರದ ತಾಕತ್ತಿನದು. ಹೊರಗಿಂದ ಬಂದ ಮಾಲು, ಒಂದಕ್ಕೆ 21 ಸಾವಿರದ ಹತ್ತಿರ, ನಾಲ್ಕಕ್ಕೆ ಹತ್ತಿರ ಹತ್ತಿರ 85 ಸಾವಿರ. ಕಂಪನಿ ಹೆಸರು ಬೇಡ, ಟೈರಿನ ತಪ್ಪೇನೂ ಇಲ್ಲ, ಅದು ಕಲ್ಲಿನ ಕ್ವಾರಿಗೆ ಹುಟ್ಟಿದ್ದು. ನೋಡಲು ಭಾರಿ. ಆದರೆ ಮೀಟರ್ ಪ್ರಕಾರ ಮೈಲೇಜು 10.3ಕ್ಕೆ ಇಳಿಯಿತು. ಓವರ್‌ಟೇಕ್ ಮಾಡಲು ಐದನೇ ಗೇರಿನಿಂದ ನಾಲ್ಕಕ್ಕೆ ಬರಲೇಬೇಕು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುವ ಸದ್ದು ಬೇರೆ.

ಅಡತಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಎರಡನ್ನೂ ಇಟ್ಟು ತೂಗಿದೆ. ರಿಮ್ ಇಲ್ಲದ ಹಳೇ ಟೈರು ಹದಿನಾಲ್ಕೂವರೆ ಕಿಲೋ ಆಸುಪಾಸು, ಈ ಎಲ್‌ಟಿ 21 ದಾಟಿತು. ಗಾಲಿಗೆ ಆರೇಳು ಕಿಲೋ ಹೆಚ್ಚು, ಅದೂ ತಿರುಗುವ ತೂಕ. ಹಮಾಲರೆಲ್ಲ ಸುತ್ತ ನಿಂತು ನೋಡಿದರು. "ಸಾವ್ಕಾರ, ಇದಕ್ಕೂ ಕಮಿಷನ್ ಐತೇನ್ರಿ?" ಅಂತ ಒಬ್ಬ ಕೇಳಿದ.

ಇನ್ನೊಂದು ಕಾರಣ ಗಾಳಿ. ಎಲ್‌ಟಿ ಟೈರು ಅಷ್ಟೇ ಭಾರ ಹೊರಲು ಸಾದಾ ಟೈರಿಗಿಂತ ಹೆಚ್ಚು ಗಾಳಿ ಕೇಳುತ್ತದೆ. ಅಂಗಡಿಯ ಹುಡುಗ ಎಲ್ಲ ಗಾಡಿಗೂ ತುಂಬುವ ಹಾಗೆ 32 ಪಿಎಸ್‌ಐ ತುಂಬಿ ಕಳಿಸಿದ್ದ. ಏರಿಸಿದಾಗ ಮೈಲೇಜು ಚೂರು ಸುಧಾರಿಸಿತು, ಆದರೆ ಖಾಲಿ ಗಾಡಿ ಅಣ್ಣಿಗೇರಿ ದಾಟುವುದರೊಳಗೆ ಬೆನ್ನು ಮುರಿಯುವಷ್ಟು ಕುಣಿಯಿತು. ತಿಂಗಳುಗಟ್ಟಲೆ ಸಹಿಸಿ, ಅರ್ಧಕ್ಕಿಂತ ಕಡಿಮೆ ರೇಟಿಗೆ ಕಲಘಟಗಿ ಕಡೆಯ ಒಬ್ಬರಿಗೆ ಮಾರಿದೆ. ಅವರದು ಮರದ ವ್ಯಾಪಾರ, ಅವರಿಗೆ ಅದು ಸರಿಯಾದ ಟೈರು.

ಮಾರುವ ಮೊದಲೇ ಒಂದು ಸಂಗತಿ ಹೊಳೆದಿತ್ತು. ಟೈರ್ ಅಂಗಡಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ. ಟೈರು ದೊಡ್ಡದಾದರೆ ಮೀಟರ್ ಕಡಿಮೆ ಕಿಲೋಮೀಟರ್ ತೋರಿಸುತ್ತದೆ. 245/70ರ ಎತ್ತರ ಸುಮಾರು 749 ಮಿಲಿಮೀಟರ್, 265/70ರದ್ದು 777. ಅಂದರೆ ನೂರಕ್ಕೆ ಮೂರೂಮುಕ್ಕಾಲು ಹೆಚ್ಚು. ಮೀಟರ್ ನೂರು ತೋರಿಸುವಾಗ ಗಾಡಿ ನಿಜವಾಗಿ 103.7 ಓಡಿರುತ್ತದೆ. ಗದಗ–ಹುಬ್ಬಳ್ಳಿ ಹೆದ್ದಾರಿಯ ಕಿಲೋಮೀಟರ್ ಕಲ್ಲು ಹಿಡಿದು, ಮೊಬೈಲಿನ ನಕ್ಷೆಗೂ ತಾಳೆ ಹಾಕಿದೆ, ಲೆಕ್ಕ ಕೂಡಿತು. ಹಾಗಾಗಿ ನನ್ನ 10.3 ಅನ್ನುವುದು ನಿಜದಲ್ಲಿ 10.7. "ದೊಡ್ಡ ಟೈರ್ ಹಾಕಿದೆ, ಎರಡು ಕಿಲೋಮೀಟರ್ ಬಿತ್ತು" ಅನ್ನುವವರಲ್ಲಿ ಎಷ್ಟೋ ಜನ ಕಳಕೊಂಡದ್ದರಲ್ಲಿ ಒಂದು ಪಾಲು ಮೀಟರಿನಲ್ಲೇ ಬಿದ್ದಿರುತ್ತದೆ.

ಆದರೂ 10.7 ಸಣ್ಣ ಹೊಡೆತವಲ್ಲ. ಡೀಸೆಲ್ 90ರ ಲೆಕ್ಕ ಹಿಡಿದರೆ 40 ಸಾವಿರ ಕಿಲೋಮೀಟರಿಗೆ ಸುಮಾರು 540 ಲೀಟರ್ ಹೆಚ್ಚು, 48 ಸಾವಿರ ರೂಪಾಯಿ. ಒಂದು ಸೆಟ್ ಒಳ್ಳೇ ಟೈರಿನ ದುಡ್ಡು ಹೊಗೆಯಾಗಿ ಹೋಗುತ್ತದೆ.

ನಡುವೆ ರೀಸೋಲ್ ಪ್ರಯೋಗವೂ ಆಯಿತು. ಹಳೇ ಕಂಪನಿ ಟೈರಿಗೇ ಮಡ್ ಟೈರಿನಂಥ ಕಟ್ಟಿನ ರಬ್ಬರ್ ಕೂಡಿಸಿ ಕೊಡುತ್ತೇವೆ ಅಂದರು, ಒಂದಕ್ಕೆ ನಾಲ್ಕು ಸಾವಿರ ಚಿಲ್ಲರೆ. ಹಿಂದಿನ ಎರಡಕ್ಕೆ ಮಾತ್ರ ಮಾಡಿಸಿದೆ. ಅರವತ್ತರವರೆಗೆ ಚೆಂದ, ಎಂಬತ್ತಕ್ಕೆ ಹಿಂದೆ ಯಾರೋ ಹಿಟ್ಟಿನ ಗಿರಣಿ ಚಾಲೂ ಮಾಡಿದಷ್ಟು ಸದ್ದು. ಬೈಪಾಸಿನಲ್ಲಿ ಒಂದು ರಬ್ಬರ್ ಗಡ್ಡೆ ಕಿತ್ತು ಹೋದ ದಿನವೇ ಬಿಚ್ಚಿಸಿದೆ. ಲಾರಿಗೆ ರೀಸೋಲ್ ನಡೆಯುತ್ತದೆ, ಅದು ಬೇರೆ ಮಾತು. ನಾಲ್ಕು ಜನ ಕೂತು ನೂರರ ಹತ್ತಿರ ಓಡುವ ಗಾಡಿಗೆ ನಾನಂತೂ ಹೇಳುವುದಿಲ್ಲ.

ಮಡ್ ಟೈರು, ಅಂದರೆ ಎಂಟಿ, ಯಾಕೆ ಹಾಕಲಿಲ್ಲ ಅಂತ ಕೇಳುವವರಿದ್ದಾರೆ. ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆ ಬಿದ್ದ ಮೇಲೆ ನವಲಗುಂದ, ನರಗುಂದ, ರೋಣದ ಹೊಲದ ದಾರಿಗೆ ಇಳಿದವರಿಗೆ ಗೊತ್ತು: ಎರಡು ಸುತ್ತು ತಿರುಗುವುದರೊಳಗೆ ಆ ಜಿಗಟು ಮಣ್ಣು ಗಡ್ಡೆಗಳ ನಡುವಿನ ಸಂದೆಲ್ಲ ತುಂಬಿಬಿಡುತ್ತದೆ. ಆಮೇಲೆ ಎಂಟಿ ಏನು, ಡಾಂಬರಿನ ಎಚ್‌ಟಿ ಟೈರು ಏನು, ಎಲ್ಲವೂ ನುಣ್ಣನೆ ಗಾಲಿಯೇ. ಎಂಟಿಯ ಸಂದು ಕಳಚಿಕೊಳ್ಳಬೇಕಾದರೆ ಗಾಲಿ ಜೋರಾಗಿ ತಿರುಗಬೇಕು, ಜೋರಾಗಿ ತಿರುಗಿಸಿದರೆ ಗಾಡಿ ಹೂತುಕೊಳ್ಳುತ್ತದೆ. ಅಲ್ಲಿ ಟ್ರ್ಯಾಕ್ಟರೇ ದೇವರು. ಎರಿ ಮಣ್ಣಿನ ಹೆಸರಿನಲ್ಲಿ ಎಂಟಿ ಕೊಂಡವರು ಖದರಿಗೆ ಕೊಂಡಿದ್ದಾರೆ, ಮಣ್ಣಿಗಲ್ಲ. ಕಪ್ಪತಗುಡ್ಡದ ಕಡೆಯ ಗರಸು, ಚೂಪು ಕಲ್ಲು, ಬಳ್ಳಾರಿ ಜಾಲಿ ಮುಳ್ಳು, ಇವಕ್ಕೆ ಗಟ್ಟಿ ಬಗಲಿನ ಎಟಿ ಸಾಕು.

ಈಗ ಗೆದ್ದ ಟೈರಿನ ವಿಷಯ. 255/70 ಆರ್16, ಎಟಿ, ಆದರೆ ಎಲ್‌ಟಿ ಅಲ್ಲ, ಸಾದಾ ಕಟ್ಟಿನದು. ಒಂದಕ್ಕೆ ಹನ್ನೆರಡೂವರೆ ಸಾವಿರದ ಆಸುಪಾಸು. ಹಳೇ ರಿಮ್ಮಿನ ಮೇಲೇ ಕೂತಿತು. ಎತ್ತರ 763 ಮಿಲಿಮೀಟರ್, ಕಂಪನಿಗಿಂತ ನೂರಕ್ಕೆ ಎರಡು ಕೂಡ ಹೆಚ್ಚಿಲ್ಲ. ಗಾಡಿ ಏರುವುದು ಏಳೇ ಮಿಲಿಮೀಟರ್, ಆದರೆ ಅಗಲವೂ ಬಂದದ್ದರಿಂದ ಗಾಲಿಯ ಗೂಡು ತುಂಬಿದ ಹಾಗೆ ಕಾಣುತ್ತದೆ. ತಕ್ಕಡಿಗೆ ಇಟ್ಟೆ, ಹದಿನಾರು ಕಿಲೋ ಚಿಲ್ಲರೆ. ಅಲ್ಲೇ ಅರ್ಧ ಗೆದ್ದೆ ಅನಿಸಿತು.

ಖದರ್ ಇರುವುದು ಟೈರಿನ ಭುಜ ಮತ್ತು ಬಗಲಿನಲ್ಲಿ. ರಸ್ತೆ ಬದಿಯಲ್ಲಿ ನಿಂತವನ ಕಣ್ಣಿಗೆ ಬೀಳುವುದು ಅಷ್ಟೇ. ನೇರ ಓಡುವಾಗ ಡಾಂಬರಿಗೆ ಹೆಚ್ಚು ತಾಗುವುದು ನಡುವಿನ ಪಟ್ಟಿ. ಅದಕ್ಕೆ ನಾನು ನೋಡಿದ್ದು ಹೀಗೆ: ನಡುವೆ ಗಡ್ಡೆಗಳು ಒಂದಕ್ಕೊಂದು ಹತ್ತಿ, ಸಾಲಾಗಿ, ಸಂದು ಕಡಿಮೆ ಇರಬೇಕು. ಭುಜದ ಗಡ್ಡೆ ಮಾತ್ರ ಒಂದು ಹೊರಗೆ ಒಂದು ಒಳಗೆ, ಹಲ್ಲು ಕಿರಿದಂತೆ ಇರಬೇಕು. ಬಗಲಿನ ಮೇಲೂ ಆ ಹಲ್ಲು ಇಳಿದು ಬಂದಿರಬೇಕು. ಬಗಲಿನ ಹಲ್ಲು ಡಾಂಬರಿಗೆ ತಾಗುವುದೇ ಇಲ್ಲ, ಅದಕ್ಕೆ ಡೀಸೆಲ್ ಖರ್ಚೂ ಇಲ್ಲದಷ್ಟೇ. ಗಡ್ಡೆಗಳ ನಡುವಿನ ಸಂದಿನ ಆಳ ಹತ್ತು ಹನ್ನೊಂದು ಮಿಲಿಮೀಟರ್ ಸಾಕು, ಹದಿಮೂರು ಹದಿನಾಲ್ಕರ ಆಳದ್ದು ತಿರುಗುವಾಗ ಹೆಚ್ಚು ಹೊಯ್ದಾಡಿ ಡೀಸೆಲ್ ತಿನ್ನುತ್ತದೆ. ಲೋಡ್ ಇಂಡೆಕ್ಸ್ ಮಾತ್ರ ಕಂಪನಿ ಟೈರಿಗಿಂತ ಕೆಳಗೆ ಹೋಗಕೂಡದು. ನನ್ನದರ ಮೇಲೆ 111 ಇದೆ, ಅಂದರೆ ಟೈರಿಗೆ 1090 ಕಿಲೋ. ಅಳತೆ ಬದಲಿಸುವವರು ಇನ್ಶೂರೆನ್ಸ್‌ನವರನ್ನು ಮೊದಲೇ ಕೇಳಿಕೊಳ್ಳಿ, ಅಪಘಾತವಾದ ಮೇಲೆ ಅಲ್ಲ.

ಹೊಸದರಲ್ಲಿ ಮೊದಲ ಟ್ಯಾಂಕು 11.6 ಕೊಟ್ಟಿತು. "ಹೇಳಿರಲಿಲ್ಲೇನು?" ಅಂತ ಭಾವ ಫೋನ್ ಮಾಡಿದರು. ಹೊಸ ರಬ್ಬರ್ ಆಳ ಇದ್ದಾಗ ಹಾಗೇ, ಸಾವಿರ ಸಾವಿರದೈನೂರು ಓಡಿದ ಮೇಲೆ ಕೂತುಕೊಂಡಿತು. ಈಗ ಮೀಟರ್ ತಿದ್ದುಪಡಿ ಸೇರಿ 12.1, ಒಳ್ಳೇ ದಿನ 12.3. ಹಳೇ ಟೈರಿಗೆ ಹೋಲಿಸಿದರೆ 40 ಸಾವಿರ ಕಿಲೋಮೀಟರಿಗೆ ಒಂಬತ್ತೂವರೆ ಸಾವಿರ ರೂಪಾಯಿ ಹೆಚ್ಚು. ಆ ಖದರಿಗೆ ಅಷ್ಟು ಕೊಡಲು ನಾನು ತಯಾರು.

ಅಳೆಯುವ ರೀತಿ ಸರಿ ಇಲ್ಲದಿದ್ದರೆ ಇದೆಲ್ಲ ಸುಳ್ಳಾಗುತ್ತದೆ. ಒಂದೇ ಪಂಪು, ಒಂದೇ ನಾಝಲ್ಲು, ಬೆಳಗ್ಗೆ ತಂಪಿನಲ್ಲಿ ತಾನಾಗಿ ನಿಲ್ಲುವವರೆಗೆ ಮಾತ್ರ ತುಂಬಿಸುತ್ತೇನೆ. ಹೋಗಿ ಬಂದದ್ದು ಎರಡೂ ಸೇರಿಸಿಯೇ ಲೆಕ್ಕ. ನಮ್ಮ ಕಡೆ ಇದು ಬಹಳ ಮುಖ್ಯ: ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುತ್ತದೆ, ಗದಗದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಹುಬ್ಬಳ್ಳಿಗೆ ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನಿಗೆ ಗಾಳಿ. ಒಂದೇ ದಿಕ್ಕಿನದು ಹಿಡಿದರೆ ಒಂದು ಕಿಲೋಮೀಟರ್ ಅತ್ತಿತ್ತ ಆಗುತ್ತದೆ, ಅದನ್ನು ಟೈರಿನ ತಲೆಗೆ ಕಟ್ಟುತ್ತೀರಿ.

ಗಾಳಿಯ ಮಾತು ಬಂದದ್ದಕ್ಕೆ: ಹಿಂದಿನ ಬಾಗಿಲು ಇಳಿಸಿ ಓಡಿದರೆ ಗಾಳಿ ಸರಾಗ ಹೋಗಿ ಮೈಲೇಜು ಏರುತ್ತದೆ ಅನ್ನುವ ಮಾತನ್ನೂ ಪರೀಕ್ಷಿಸಿದೆ. ಏರಲಿಲ್ಲ, ಬದಲಿಗೆ ಧೂಳು ಹತ್ತಿತು. ತಾಡಪತ್ರಿ ಬಿಗಿದು ಕಟ್ಟಿದಾಗ ಚೂರು ಸುಧಾರಿಸಿತು, ಪಟಪಟ ಬಡಿಯದಂತೆ ಕಟ್ಟಬೇಕು ಅಷ್ಟೇ. ನೈಟ್ರೋಜನ್‌ಗೂ ದುಡ್ಡು ಕೊಟ್ಟು ನೋಡಿದೆ. ಗಾಳಿ ನಿಧಾನ ಇಳಿಯುತ್ತದೇನೋ, ಮೈಲೇಜಿನಲ್ಲಿ ನನ್ನ ವಹಿಗೆ ಏನೂ ಕಾಣಲಿಲ್ಲ. ಇನ್ನು ಖದರಿಗೆ, ಬಗಲಿನ ಮೇಲೆ ಬಿಳಿ ಅಕ್ಷರ ಇರುವ ಟೈರು ಸಿಗದವರಿಗೆ ಬಿಳಿ ಪೇಂಟ್ ಪೆನ್ನು ಇದೆ, ನೂರಿನ್ನೂರು ರೂಪಾಯಿ. ಮೊದಲು ಬಗಲಿನ ಮೇಣ ಹೋಗುವ ಹಾಗೆ ಒರೆಸಬೇಕು, ಯಾವುದರಿಂದ ಅನ್ನುವುದು ನನ್ನ ಹತ್ತಿರವೇ ಇರಲಿ, ಮಳೆಗಾಲ ಕಳೆದರೂ ನನ್ನದು ಸಿಪ್ಪೆ ಎದ್ದಿಲ್ಲ.

ಗಾಳಿ ಎಷ್ಟು ತುಂಬುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಖಾಲಿಗೊಂದು, ಲೋಡಿಗೊಂದು, ಮುಂದೆ ಹಿಂದೆ ಬೇರೆ ಬೇರೆ, ಅಷ್ಟು ಹೇಳುತ್ತೇನೆ, ಅಂಕಿ ಹೇಳುವುದಿಲ್ಲ. ಬಾಗಿಲ ಸ್ಟಿಕ್ಕರ್‌ನಿಂದ ಶುರು ಮಾಡಿ ನಿಮ್ಮ ಗಾಡಿಗೆ ನೀವೇ ಹುಡುಕಿಕೊಳ್ಳಿ. ಗೇಜ್ ಮಾತ್ರ ಸ್ವಂತದ್ದಿರಲಿ, ಪಂಪಿನಿಂದ ಪಂಪಿಗೆ ನಾಲ್ಕೈದು ಪಿಎಸ್‌ಐ ವ್ಯತ್ಯಾಸ ಕಂಡಿದ್ದೇನೆ. ಬೆಳಗ್ಗೆ ಗಾಡಿ ತೆಗೆಯುವ ಮೊದಲೇ ನೋಡಬೇಕು, ನಮ್ಮ ಏಪ್ರಿಲ್ ಬಿಸಿಲಿಗೆ ಓಡಿ ಬಂದ ಟೈರು ಸುಳ್ಳು ಹೇಳುತ್ತದೆ.

ಸ್ಟೆಪ್ನಿ ಇನ್ನೂ ಹಳೇ 245/70. ಐದನೆಯದಕ್ಕೆ ಈಗ ಹನ್ನೆರಡೂವರೆ ಸಾವಿರ ಹಾಕಲು ಮನಸ್ಸಿಲ್ಲ, ಮೆಣಸಿನಕಾಯಿ ರೇಟು ನೋಡಿಕೊಂಡು ಆಮೇಲೆ ನೋಡೋಣ. ಅಲ್ಲಿಯವರೆಗೆ ಪಂಕ್ಚರ್ ಆದರೆ ಅದನ್ನು ಹಾಕಿ ಟು ವ್ಹೀಲ್‌ನಲ್ಲೇ ನಿಧಾನ ಹತ್ತಿರದ ಅಂಗಡಿಗೆ ಹೋಗುವುದು, ಫೋರ್ ವ್ಹೀಲ್ ಗುಂಡಿ ಮುಟ್ಟುವುದಿಲ್ಲ.